ಅವಿನಾಶಿಯಿಂದ ಊಟಿಗೆ: ವಿರಾಮದ ಮನೆಯ ಇನ್ನೂರು ವರ್ಷ

ತಮಿಳುನಾಡಿನ ಅವಿನಾಶಿಯಿಂದ ಅನ್ನೂರು ಹಾದು ಮೆಟ್ಟುಪಾಳ್ಯಕ್ಕೆ ಸುಮಾರು 40 ಕಿ.ಮೀ. ಅಲ್ಲಿಂದ ಘಾಟಿ ಹತ್ತಿದರೆ ಕೂನೂರು, ಕೋಟಗಿರಿ, ಊಟಿ. ಬಯಲಿನ ಬಿಸಿಲಲ್ಲಿ ದುಡಿದ ಹಣ ಬೆಟ್ಟದ ತಂಪಿನಲ್ಲಿ ಮನೆಯಾಗುವ ರೂಢಿಗೆ ಇಲ್ಲಿ ಇನ್ನೂರು ವರ್ಷ ದಾಟಿದೆ. ಈ ಚರಿತ್ರೆ ಕಲಿಸುವ ಪಾಠ ಒಂದೇ: ಮನೆಯ ಬೆಲೆ ಏರಿಸುವುದು ಕಣ್ಣಿಗೆ ಕಾಣುವ ನೋಟ, ಮನೆಯನ್ನು ಉಳಿಸುವುದು ನೀರು, ನೆಲ, ಕಾನೂನು.

ಅವಿನಾಶಿಯನ್ನೂ ಒಳಗೊಂಡಿದ್ದ ಕೊಯಮತ್ತೂರು ಜಿಲ್ಲೆಯ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಕೋಟಗಿರಿ ಬಳಿ ಅವನು ಮೊದಲು ನೆಲೆನಿಂತದ್ದು ಬಡಗರ ಹಟ್ಟಿಗಳ ನಡುವೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಆಮೇಲೆ ಬೆಟ್ಟದ ಮೂಲನಿವಾಸಿಗಳಾದ ತೊದವರ ನೆಲ ಪಡೆದು ಊಟಿಯಲ್ಲಿ ‘ಸ್ಟೋನ್‌ಹೌಸ್’ ಕಟ್ಟಿಸಿದ. ಬೆಟ್ಟದ ನೆಲ ತೊದವರ ಸ್ವತ್ತು, ಅವರಿಗೆ ಪರಿಹಾರ ಸಲ್ಲಬೇಕು ಎಂದು ವಾದಿಸಿದವನೂ ಅವನೇ. ವಿರಾಮದ ಮನೆ ಯಾರ ನೆಲದ ಮೇಲೆ ಏಳುತ್ತದೆ ಎಂಬ ಪ್ರಶ್ನೆ ಮೊದಲ ಮನೆಯೊಂದಿಗೇ ಹುಟ್ಟಿತು.

ಮದ್ರಾಸ್ ಸರ್ಕಾರದ ಬೇಸಿಗೆ ಕಚೇರಿ ಊಟಿಗೆ ಬಂದ ಮೇಲೆ ಅರಸರೂ ಬಂದರು. ಮೈಸೂರು ಒಡೆಯರ ಫರ್ನ್‌ಹಿಲ್ ಅರಮನೆ ಆ ಕಾಲದ ಗುರುತು. ಬೆಟ್ಟದ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ತಲುಪಿತು. ಸ್ವಾತಂತ್ರ್ಯದ ನಂತರ ಅರಸರ ಜಾಗಕ್ಕೆ ಗಿರಣಿ ಮಾಲೀಕರು, ನಿವೃತ್ತ ಸೇನಾಧಿಕಾರಿಗಳು, ಬನಿಯನ್ ರಫ್ತುದಾರರು ಬಂದರು. ಅರಮನೆ ಬಂಗಲೆಯಾಯಿತು, ಬಂಗಲೆ ವಿಲ್ಲಾ ಆಯಿತು, ವಿಲ್ಲಾ ಬಾಡಿಗೆ ತರುವ ಹೂಡಿಕೆಯಾಯಿತು.

ಬೆಟ್ಟ ಭಾರ ತಾಳದು ಎಂಬುದೂ ಕಾಣತೊಡಗಿತು. 1990ರ ದಶಕದಿಂದ ನೀಲಗಿರಿಯಲ್ಲಿ ಕಟ್ಟಡದ ಎತ್ತರಕ್ಕೆ, ಗಾತ್ರಕ್ಕೆ ಕಟ್ಟುಪಾಡುಗಳಿವೆ. 2009ರ ನವೆಂಬರಿನ ಭೂಕುಸಿತಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಸಿಗೂರು ಆನೆಪಥದಲ್ಲಿದ್ದ ರೆಸಾರ್ಟುಗಳ ವಿರುದ್ಧದ ಹೈಕೋರ್ಟ್ ತೀರ್ಪನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆನೆಯ ದಾರಿಯಲ್ಲಿ ಕೊಂಡ ಮನೆಗೆ ಎಷ್ಟು ಹಣ ಸುರಿದಿದ್ದರೂ ಅದು ಭದ್ರ ಹೂಡಿಕೆಯಲ್ಲ.

ಬಯಲಿನ ಕಥೆ ಬೇರೆ. ಅವಿನಾಶಿ ಸೀಮೆಗೆ ಬೇಕಾಗಿದ್ದುದು ನೀರು. ಭವಾನಿ ನದಿಯ ಹೆಚ್ಚುವರಿ ನೀರನ್ನು ಸಾವಿರಕ್ಕೂ ಹೆಚ್ಚು ಕೆರೆಕುಂಟೆಗಳಿಗೆ ತರುವ ಅತ್ತಿಕ್ಕಡವು–ಅವಿನಾಶಿ ಯೋಜನೆಗಾಗಿ ಜನ ದಶಕಗಟ್ಟಲೆ ಹೋರಾಡಿದರು. ಅದು 2024ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. 2025ರಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯ ಮೇಲೆ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ ತೆರೆಯಿತು. ದಾರಿಯೂ ನೀರೂ ಬಂದಲ್ಲಿ ಲೇಔಟುಗಳೂ ಬರುತ್ತವೆ. ಆದರೆ ರೈತರು ಹೋರಾಡಿ ತಂದ ನೀರು ವಾರಾಂತ್ಯದ ತೋಟದಮನೆಗಳ ಈಜುಕೊಳ ತುಂಬಿಸಲು ಅಲ್ಲ. ಕರ್ನಾಟಕಕ್ಕೂ ಇದೇ ಎಚ್ಚರ ಬೇಕು: ರೈತರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾದವು.

ಈಗ ಆಸೆ ಕಡಲು ದಾಟಿ ಗ್ರೀಸಿನ ದ್ವೀಪಗಳಿಗೂ ಹೋಗಿದೆ. 2013ರಲ್ಲಿ ಅಲ್ಲಿ 2.5 ಲಕ್ಷ ಯೂರೋ ಬೆಲೆಯ ಆಸ್ತಿ ಕೊಂಡವರಿಗೆ ವಾಸದ ಪರವಾನಗಿ ಸಿಗುತ್ತಿತ್ತು. 2024ರಿಂದ ಸ್ಯಾಂಟೊರಿನಿ, ಮಿಕೊನೋಸ್‌ನಂಥ ದ್ವೀಪಗಳಲ್ಲಿ ಮಿತಿ 8 ಲಕ್ಷಕ್ಕೆ ಏರಿದೆ. ಹಾಗೆ ಕೊಂಡ ಮನೆಯನ್ನು ಪ್ರವಾಸಿಗರಿಗೆ ಅಲ್ಪಾವಧಿ ಬಾಡಿಗೆಗೆ ಕೊಡುವಂತಿಲ್ಲ. ಸ್ಥಳೀಯರಿಗೇ ಮನೆ ದುಬಾರಿಯಾದದ್ದು ಈ ಬಿಗಿಗೆ ಕಾರಣ. ಭಾರತೀಯರು ವರ್ಷಕ್ಕೆ ತಲಾ 2.5 ಲಕ್ಷ ಡಾಲರಿಗಿಂತ ಹೆಚ್ಚು ಹೊರಗೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ. ಅಲ್ಲಿನ ನೆಲವೂ ಭದ್ರವಲ್ಲ: 2025ರ ಫೆಬ್ರುವರಿಯಲ್ಲಿ ಸ್ಯಾಂಟೊರಿನಿಯ ಸಾವಿರಾರು ಜನ ಸರಣಿ ಭೂಕಂಪಕ್ಕೆ ಹೆದರಿ ದ್ವೀಪ ಬಿಟ್ಟರು.

ನೀಲಗಿರಿಯಾಗಲಿ, ಗ್ರೀಸಿನ ಏಜಿಯನ್ ಕಡಲಾಗಲಿ, ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಅವೇ. ಪಟ್ಟಾ, ಋಣಭಾರ ಪತ್ರ, ಲೇಔಟ್ ಅನುಮೋದನೆ ಸರಿಯಿವೆಯೇ? ಕಡುಬೇಸಿಗೆಯಲ್ಲಿ ಬಾವಿಯಲ್ಲಿ ನೀರಿದೆಯೇ? ಭಾರಿ ಮಳೆಗೆ ಆ ಇಳಿಜಾರು ನಿಲ್ಲುತ್ತದೆಯೇ? ನಾವು ಬಂದದ್ದರಿಂದ ಊರಿನವರಿಗೆ ಊರಿನಲ್ಲಿ ಬಾಳುವುದು ಕಷ್ಟವಾಗುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಹೌದು ಎಂದಾದರೆ, ಉಳಿದ ಕಾಗದಗಳೆಲ್ಲ ಸರಿಯಿದ್ದರೂ ಆ ಮನೆ ಕೊಳ್ಳತಕ್ಕದ್ದಲ್ಲ.