ಪಕ್ಕದ ಸೀಟಿನ ಚರಿತ್ರೆ

2018ರ ಮಾರ್ಚಿನಲ್ಲಿ ಮಹೀಂದ್ರಾ ಕಂಪನಿ ಅಮೆರಿಕದಲ್ಲಿ ಒಂದು ಹೊಸ ವಾಹನವನ್ನು ಮಾರಾಟಕ್ಕೆ ಬಿಟ್ಟಿತು. ಹೆಸರು ರಾಕ್ಸರ್. ಬಿಡಿಭಾಗಗಳು ಭಾರತದಿಂದ ಹೋಗುತ್ತಿದ್ದವು, ಜೋಡಣೆ ಮಿಷಿಗನ್ ರಾಜ್ಯದ ಆಬರ್ನ್ ಹಿಲ್ಸ್‌ನಲ್ಲಿ. ಕೊಡಗಿನ ಕಾಫಿ ತೋಟದಲ್ಲೋ ಕೊಡಚಾದ್ರಿಯ ದಾರಿಯಲ್ಲೋ ಜೀಪು ಹತ್ತಿದವರಿಗೆ ಅದು ನೋಡಿದ ಕೂಡಲೇ ಗುರುತು ಸಿಗುವಂಥ ಗಾಡಿ. ಅದೇ ಉಕ್ಕಿನ ಮೈ, ಅದೇ ಪಟ್ಟಿ ಸ್ಪ್ರಿಂಗು, 2.5 ಲೀಟರಿನ ಡೀಸೆಲ್ ಎಂಜಿನ್, ಐದು ಗೇರು. ಆದರೆ ಅಲ್ಲಿ ಅದನ್ನು ಜೀಪೆಂದು ಮಾರಲಿಲ್ಲ, ರಸ್ತೆಯ ವಾಹನವೆಂದೂ ಮಾರಲಿಲ್ಲ. ವೇಗವನ್ನು ಗಂಟೆಗೆ 45 ಮೈಲಿಗೆ, ಅಂದರೆ ಸುಮಾರು 72 ಕಿಲೋಮೀಟರಿಗೆ ಕಟ್ಟಿಹಾಕಿ, ‘ಸೈಡ್ ಬೈ ಸೈಡ್’ ಎಂಬ ವರ್ಗಕ್ಕೆ ಸೇರಿಸಿದರು.

ಈ ಹೆಸರಿನಲ್ಲಿ ಎಂಜಿನ್ನಿನ ಸುದ್ದಿಯಿಲ್ಲ, ಚಕ್ರದ ಸುದ್ದಿಯಿಲ್ಲ. ಕೂರುವವರು ಹೇಗೆ ಕೂರುತ್ತಾರೆ ಎಂಬುದಷ್ಟೇ ಇದೆ: ಅಕ್ಕಪಕ್ಕ. ಕಾರಿನ ಹಾಗೆ ಸ್ಟಿಯರಿಂಗ್, ಕಾಲಡಿಯಲ್ಲಿ ಪೆಡಲು, ತಲೆಯ ಮೇಲೆ ಉಕ್ಕಿನ ಪಂಜರ, ಹಿಂದೆ ಸಾಮಾನು ಹೇರುವ ತೊಟ್ಟಿ. ಯುಟಿವಿ ಎಂದೂ ಕರೆಯುತ್ತಾರೆ. ಹತ್ತಾರು ಎಕರೆ ಜಮೀನಿರುವ ಅಮೆರಿಕದ ಕುಟುಂಬ ವಾರದ ದಿನಗಳಲ್ಲಿ ಬೇಲಿ ಕಂಬ, ಸೌದೆ, ಮೇವು ಸಾಗಿಸಲು ಇದನ್ನು ಬಳಸುತ್ತದೆ. ಭಾನುವಾರ ಅದೇ ಗಾಡಿಯನ್ನು ಕಾಡುದಾರಿಗೆ ಒಯ್ಯುತ್ತದೆ. ಅಂಗಡಿಗೆ ಹೋದವರು ಕೇಳುವುದೂ ಅದನ್ನೇ: ಎರಡಕ್ಕೂ ಆಗುವಂಥದ್ದು ಯಾವುದಿದೆ?

ಕೇಳಲು ಸಲೀಸಾದ ಈ ಪ್ರಶ್ನೆಗೆ ಎಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ದುಡಿಮೆಯ ಗಾಡಿಯನ್ನೂ ಆಟದ ಗಾಡಿಯನ್ನೂ ಒಂದೇ ಮೈಯಲ್ಲಿ ಕೂಡಿಸಲು ಹೊರಟಾಗ ಏನಾಯಿತು ಎಂಬುದೇ ಆ ಚರಿತ್ರೆ. ಕೊಳ್ಳುವವರು ಇಂದು ನೋಡಬೇಕಾದ ಹಲವು ಸಂಗತಿಗಳು ಅಪಘಾತಗಳಿಂದ ಕಲಿತವು.

ಮೊದಲ ಪ್ರಯತ್ನ ಜೀಪಿನದೇ. 1940ರಲ್ಲಿ ಅಮೆರಿಕದ ಸೇನೆಗಾಗಿ ಹುಟ್ಟಿದ ಆ ಗಾಡಿಯನ್ನು ಯುದ್ಧ ಮುಗಿದಾಗ ವಿಲಿಸ್ ಓವರ್‌ಲ್ಯಾಂಡ್ ಕಂಪನಿ ರೈತರ ಕಡೆ ತಿರುಗಿಸಿತು. 1945ರ ಸಿಜೆ-2ಎ ಮಾದರಿಯನ್ನು ಹೊಲದ ವಾಹನವೆಂದೇ ಮಾರಲಾಯಿತು. ಅದು ನೇಗಿಲೆಳೆಯಬಲ್ಲದು, ಎಂಜಿನ್ನಿನ ಶಕ್ತಿಯನ್ನು ಹೊರಗೆ ಕೊಟ್ಟು ಬೇರೆ ಯಂತ್ರ ತಿರುಗಿಸಬಲ್ಲದು, ಸಂಜೆ ಪೇಟೆಗೂ ಹೋಗಬಲ್ಲದು ಎಂಬ ಮಾತು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರಾ ಜೋಡಿಸತೊಡಗಿದ್ದು ಈ ವಿಲಿಸ್ ಜೀಪುಗಳನ್ನೇ. ಮಲೆನಾಡಿನ ತೋಟಗಳಿಗೆ ಜೀಪು ಬಂದದ್ದು, ಬಂದು ಅಲ್ಲೇ ಉಳಿದದ್ದು, ಈ ವಂಶದಿಂದ. ಅಮೆರಿಕದಲ್ಲಾದರೋ ಜೀಪು ಕ್ರಮೇಣ ದೊಡ್ಡದಾಗಿ, ದುಬಾರಿಯಾಗಿ, ಹೊಲ ಬಿಟ್ಟು ರಸ್ತೆ ಸೇರಿತು. ಹೊಲದಲ್ಲಿ ಅದರ ಜಾಗ ಖಾಲಿಯಾಯಿತು.

ಆ ಜಾಗಕ್ಕೆ ಬಂದದ್ದು ಜಪಾನಿನ ಮೂರು ಚಕ್ರದ ಒಂದು ಗಾಡಿ. ಚಳಿಗಾಲದಲ್ಲಿ ಮೋಟಾರ್ ಸೈಕಲ್ ವ್ಯಾಪಾರ ಕುಸಿಯುತ್ತದೆ, ಆಗ ಮಾರಲು ಏನಾದರೂ ಕೊಡಿ ಎಂದು ಅಮೆರಿಕದ ಮಾರಾಟಗಾರರು ಹೋಂಡಾವನ್ನು ಕೇಳಿಕೊಂಡಿದ್ದರು. ಎಂಜಿನಿಯರ್ ಒಸಾಮು ತಾಕೆಉಚಿ ಹಿಮ, ಮರಳು, ಕೆಸರುಗಳ ಮೇಲೆ ಹೂತುಹೋಗದ ಗಾಡಿಗಾಗಿ ಹಲವು ಮಾದರಿಗಳನ್ನು ಮಾಡಿ ನೋಡಿದರು. ಉತ್ತರ ಸಿಕ್ಕಿದ್ದು ಟೈರಿನಲ್ಲಿ. ಬಲೂನಿನಂತೆ ಉಬ್ಬಿದ, ಒಳಗೆ ತೀರ ಕಡಿಮೆ ಗಾಳಿಯ ಒತ್ತಡವಿರುವ ಟೈರು ಭಾರವನ್ನು ಹರಡಿ ನೆಲದ ಮೇಲೆ ತೇಲಿದಂತೆ ಸಾಗುತ್ತಿತ್ತು. 1970ರಲ್ಲಿ 90 ಸಿಸಿಯ ಯುಎಸ್90 ಬಂತು, ಬೆಲೆ 595 ಡಾಲರ್. ಮುಂದೆ ಅದರ ಹೆಸರು ಎಟಿಸಿ90 ಎಂದಾಯಿತು. ಮೋಜಿನ ಆಟಿಕೆಯಾಗಿ ಬಂದದ್ದನ್ನು ಕೆಲವೇ ವರ್ಷಗಳಲ್ಲಿ ರೈತರು ಕೆಲಸಕ್ಕೆ ಹಚ್ಚಿದರು.

ಈ ಗಾಡಿಯಲ್ಲಿ ಕೂರುವುದಿಲ್ಲ, ಕುದುರೆಯ ಹಾಗೆ ಏರಿ ಕಾಲು ಇಳಿಬಿಡುತ್ತಾರೆ. ಸವಾರನ ಮೈಯೂ ಅದರ ಯಂತ್ರದ ಭಾಗವೇ. ಹಿಂದಿನ ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿದು ಒಟ್ಟಿಗೇ ತಿರುಗುವುದರಿಂದ, ಹ್ಯಾಂಡಲ್ ತಿರುಗಿಸಿದರಷ್ಟೇ ಅದು ಹೊರಳುವುದಿಲ್ಲ. ಸವಾರ ತನ್ನ ಭಾರವನ್ನು ಸರಿಸಬೇಕು. ಈ ವಿದ್ಯೆ ಗೊತ್ತಿಲ್ಲದವರನ್ನು ಗಾಡಿ ಕೆಡವಿತು. ಸತ್ತವರ ಸಂಖ್ಯೆ ನೂರಾರಕ್ಕೆ ಏರಿತು, ಅವರಲ್ಲಿ ಹದಿನಾರು ತುಂಬದ ಮಕ್ಕಳು ಬಹಳ. 1988ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರದ ಜತೆ ತಯಾರಕರು ನ್ಯಾಯಾಲಯದಲ್ಲಿ ಒಪ್ಪಂದ ಮಾಡಿಕೊಂಡರು. ಹೊಸ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. ಕೊಂಡವರಿಗೆ ತರಬೇತಿ ಕೊಡಬೇಕಾಯಿತು, ದೊಡ್ಡವರ ಗಾಡಿ ಹದಿನಾರರ ಕೆಳಗಿನವರಿಗಲ್ಲ ಎಂದು ಹೇಳಬೇಕಾಯಿತು. ಅಷ್ಟರಲ್ಲಿ ನಾಲ್ಕು ಚಕ್ರದ ಎಟಿವಿಗಳು ಬಂದಿದ್ದವು. ಅವೂ ಏರಿ ಕೂರುವ ಗಾಡಿಗಳೇ.

ಅದೇ 1988ರಲ್ಲಿ ಕವಾಸಾಕಿ ಕಂಪನಿ ಮ್ಯೂಲ್ ಎಂಬ ಗಾಡಿಯನ್ನು ತಂದಿತು. ಮ್ಯೂಲ್ ಎಂದರೆ ಹೇಸರಗತ್ತೆ, ಭಾರ ಹೊರುವ ಪ್ರಾಣಿ. ಇಬ್ಬರು ಅಕ್ಕಪಕ್ಕ ಕೂರುವ ಬೆಂಚು, ಸ್ಟಿಯರಿಂಗ್, ಹಿಂದೆ ತೊಟ್ಟಿ. ಮೈ ವಾಲಿಸುವ ಕೌಶಲ ಬೇಕಿಲ್ಲ, ಕಾರು ಓಡಿಸಲು ಬಂದರೆ ಸಾಕು. ಈ ಬಗೆಯ ಗಾಡಿಗಳು ಗಂಟೆಗೆ 25 ಮೈಲಿಯ ಆಸುಪಾಸಿನಲ್ಲೇ ಓಡುತ್ತಿದ್ದವು. ಪೊಲಾರಿಸ್ 1998ರಲ್ಲಿ ರೇಂಜರ್ ಮಾದರಿಯನ್ನು ತಂದಿತು. ಮಿನೆಸೋಟದ ರೋಸೋ ಎಂಬ ಊರಿನಲ್ಲಿ ಹುಟ್ಟಿದ ಪೊಲಾರಿಸ್ ಅದಕ್ಕೂ ಮೊದಲು ಹೆಸರಾಗಿದ್ದು ಹಿಮದ ಮೇಲೆ ಜಾರುವ ಗಾಡಿಗಳಿಗೆ. ಗೇರುಪೆಟ್ಟಿಗೆಯ ಬದಲು ಎರಡು ರಾಟೆಗಳ ನಡುವೆ ರಬ್ಬರ್ ಬೆಲ್ಟು ಓಡುವ ವ್ಯವಸ್ಥೆ ಆ ಗಾಡಿಗಳಲ್ಲಿತ್ತು. ಅದೇ ಇಂದು ಬಹುತೇಕ ಸೈಡ್ ಬೈ ಸೈಡ್‌ಗಳಲ್ಲಿದೆ.

ಇಲ್ಲಿಯವರೆಗೆ ಪಕ್ಕದ ಸೀಟು ದುಡಿಮೆಯ ಸೀಟು. ಅದನ್ನು ಆಟಕ್ಕೆ ತಂದದ್ದು ಯಮಾಹಾ. 2003ರಲ್ಲಿ ಬಂದ ರೈನೋ, ಯಮಾಹಾದ್ದೇ ಗ್ರಿಝ್ಲಿ ಎಂಬ ಎಟಿವಿಯ ಎಂಜಿನ್ನನ್ನು ಅಕ್ಕಪಕ್ಕದ ಸೀಟಿನ ಮೈಗೆ ಹಾಕಿತು. ಗಾಡಿಯ ಅಗಲ ಸುಮಾರು 54 ಇಂಚು. ಕಾಡಿನ ಇಕ್ಕಟ್ಟಾದ ದಾರಿಯಲ್ಲಿ ನುಗ್ಗುತ್ತಿತ್ತು, ಪಿಕಪ್ ಟ್ರಕ್ಕಿನ ಹಿಂದೆ ಏರಿಸಿಕೊಂಡು ಹೋಗಬಹುದಿತ್ತು. ಹೆಂಡತಿಯನ್ನೋ ಮಗುವನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕಾಡು ಸುತ್ತಬಹುದು ಎಂಬುದೇ ಜನರಿಗೆ ಹಿಡಿಸಿತು.

ತೊಂದರೆಯೂ ಅಲ್ಲೇ ಇತ್ತು. ಗಾಡಿ ಮಗುಚುವುದು ಬಿಡುವುದು ಮುಖ್ಯವಾಗಿ ಎರಡು ಅಳತೆಗಳ ಮೇಲೆ ನಿಂತಿದೆ: ಎಡ ಬಲ ಚಕ್ರಗಳ ನಡುವಿನ ಅಂತರ, ಮತ್ತು ಒಟ್ಟು ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಅಂತರ ಹೆಚ್ಚಿದ್ದು ಎತ್ತರ ಕಡಿಮೆಯಿದ್ದರೆ ಗಾಡಿ ಗಟ್ಟಿಯಾಗಿ ಕೂರುತ್ತದೆ. ಮರಗಳ ನಡುವೆ ನುಸುಳಲು ಅಗಲ ಕಡಿಮೆ ಮಾಡಬೇಕು, ಕಲ್ಲು ದಾಟಲು ಎತ್ತರ ಹೆಚ್ಚಿಸಬೇಕು. ಕಾಡುದಾರಿ ಕೇಳುವ ಎರಡೂ ಗುಣ ಮಗುಚುವ ಕಡೆಗೇ ಎಳೆಯುತ್ತವೆ. ಏರಿ ಕೂತ ಸವಾರ ಮೈ ವಾಲಿಸಿ ಸ್ವಲ್ಪ ಸರಿದೂಗಿಸಬಲ್ಲ. ಸೀಟಿನಲ್ಲಿ ಕೂತವನಿಗೆ ಅದು ಸಾಧ್ಯವಿಲ್ಲ. ಪಕ್ಕದಲ್ಲಿರುವವರಿಗಂತೂ ತಿರುವು ಬರುತ್ತಿದೆ ಎಂಬುದೇ ಒಮ್ಮೊಮ್ಮೆ ತಿಳಿಯುವುದಿಲ್ಲ. ಗಾಡಿ ವಾಲಿದಾಗ ಜನ ಸಹಜವಾಗಿ ಕೈಯನ್ನೋ ಕಾಲನ್ನೋ ಹೊರಗೆ ಚಾಚಿ ತಡೆಯಲು ನೋಡುತ್ತಾರೆ. ಆಗ ನೂರಾರು ಕಿಲೋ ಭಾರ ಆ ಕೈಕಾಲಿನ ಮೇಲೆ ಬೀಳುತ್ತದೆ.

2007ರಲ್ಲಿ ಯಮಾಹಾ ರೈನೋ ಮಾಲೀಕರಿಗೆ ಪುಕ್ಕಟೆಯಾಗಿ ಅರ್ಧ ಬಾಗಿಲುಗಳನ್ನೂ ಹಿಡಿದುಕೊಳ್ಳಲು ಹೆಚ್ಚುವರಿ ಹಿಡಿಗಳನ್ನೂ ಕೊಡತೊಡಗಿತು. 2009ರ ಮಾರ್ಚಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ತಾನು ಪರಿಶೀಲಿಸಿದ ಐವತ್ತಕ್ಕೂ ಹೆಚ್ಚು ರೈನೋ ಅಪಘಾತಗಳ ವಿವರ ಮುಂದಿಟ್ಟಿತು. ಅವುಗಳಲ್ಲಿ 46 ಸಾವುಗಳಾಗಿದ್ದವು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಪ್ರಕರಣಗಳಲ್ಲಿ ಗಾಡಿ ಮಗುಚಿತ್ತು. ಹಲವರು ಸೀಟ್ ಬೆಲ್ಟ್ ಹಾಕಿರಲಿಲ್ಲ. ಕಂಪನಿ ಮಾರಾಟ ನಿಲ್ಲಿಸಿ, ಮಾರಿಹೋದ ಗಾಡಿಗಳನ್ನು ಪುಕ್ಕಟೆಯಾಗಿ ತಿದ್ದಿಕೊಡಲು ಒಪ್ಪಿತು. ಆ ತಿದ್ದುಪಡಿಗಳಲ್ಲಿ ಮುಖ್ಯವಾದದ್ದು ಬಹಳ ಸರಳ: ಹಿಂದಿನ ಚಕ್ರಗಳನ್ನು ಹೊರಕ್ಕೆ ಸರಿಸಲು ಒಂದೊಂದು ಬದಿಗೆ 50 ಮಿಲಿಮೀಟರ್ ದಪ್ಪದ ಬಿಲ್ಲೆ. ಅಂದರೆ ನುಸುಳುವುದಕ್ಕಾಗಿ ಬಿಟ್ಟುಕೊಟ್ಟಿದ್ದ ಅಗಲವನ್ನು ಸ್ವಲ್ಪ ಮರಳಿ ಪಡೆದ ಹಾಗೆ.

ಈ ಅಗಲದ ಆಸೆಗೆ ಸರ್ಕಾರದ ಒಂದು ಅಳತೆಯೂ ಕಾರಣವಾಗಿತ್ತು. ಅಮೆರಿಕದ ಅರಣ್ಯ ಇಲಾಖೆಯ ಎಷ್ಟೋ ಕಾಡುದಾರಿಗಳಲ್ಲಿ 50 ಇಂಚಿಗಿಂತ ಅಗಲದ ವಾಹನ ಹೋಗುವಂತಿಲ್ಲ. ಎಟಿವಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಮಿತಿ ಅದು. 2007ರಲ್ಲಿ ಪೊಲಾರಿಸ್ ತಂದ ಆರ್‌ಝಡ್ಆರ್ ಸರಿಯಾಗಿ 50 ಇಂಚು ಅಗಲವಿತ್ತು. ಸೀಟುಗಳನ್ನು ಕೆಳಗಿಳಿಸಿ ಭಾರದ ಕೇಂದ್ರವನ್ನು ತಗ್ಗಿಸಿದ್ದರು. ಅದು ಗೆದ್ದಿತು, ಪೈಪೋಟಿ ಹುಟ್ಟಿತು, ಎಂಜಿನ್ನಿನ ಶಕ್ತಿ ವರ್ಷದಿಂದ ವರ್ಷಕ್ಕೆ ಏರಿತು. 2003ರ ಆರಂಭದಿಂದ 2013ರ ಏಪ್ರಿಲ್‌ವರೆಗೆ ಈ ವರ್ಗದ ಗಾಡಿಗಳಲ್ಲಿ 335 ಸಾವುಗಳು ಸುರಕ್ಷತಾ ಆಯೋಗದ ಲೆಕ್ಕಕ್ಕೆ ಬಂದಿದ್ದವು. 2014ರಲ್ಲಿ ಆಯೋಗ ಕಡ್ಡಾಯ ನಿಯಮಗಳನ್ನು ಪ್ರಸ್ತಾಪಿಸಿತು. ತಯಾರಕರು ವಿರೋಧಿಸಿದರು, ಆದರೆ 2016ರಲ್ಲಿ ತಮ್ಮದೇ ಮಾನದಂಡಗಳನ್ನು ಬಿಗಿ ಮಾಡಿದರು. ಚಾಲಕ ಬೆಲ್ಟ್ ಹಾಕದಿದ್ದರೆ ಗಂಟೆಗೆ 15 ಮೈಲಿ ದಾಟದ ಗಾಡಿಗಳು ಸಾಮಾನ್ಯವಾದದ್ದು ಈ ಜಗ್ಗಾಟದ ಕಾಲದಲ್ಲಿ.

ಇಷ್ಟು ತಿಳಿದ ಮೇಲೆ ಅಂಗಡಿಯ ಪ್ರಶ್ನೆಗೆ ಬೇರೆ ರೂಪ ಬರುತ್ತದೆ. ದುಡಿಮೆಯ ರೇಂಜರ್ ಎಕ್ಸ್‌ಪಿ 1000ರ ತೊಟ್ಟಿ ಸುಮಾರು 450 ಕಿಲೋ ಹೊರುತ್ತದೆ, ಸಾವಿರ ಕಿಲೋಗೂ ಮೀರಿದ ಟ್ರೇಲರ್ ಎಳೆಯುತ್ತದೆ, ಅಗಲ 62 ಇಂಚು ದಾಟುತ್ತದೆ. 50 ಇಂಚಿನ ಆರ್‌ಝಡ್ಆರ್ ಹೊರುವುದು ಸುಮಾರು 135 ಕಿಲೋ. ಎರಡರ ಕೆಲಸವನ್ನೂ ಪೂರ್ತಿಯಾಗಿ ಮಾಡುವ ಮೂರನೆಯದಿಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ವಾರದಲ್ಲಿ ಗಾಡಿ ಎಷ್ಟು ಗಂಟೆ ಹೊಲದಲ್ಲಿರುತ್ತದೆ, ಎಷ್ಟು ಗಂಟೆ ಕಾಡಿನಲ್ಲಿ ಎಂದು. ಹೆಚ್ಚಿನವರ ಲೆಕ್ಕದಲ್ಲಿ ಹೊಲವೇ ಗೆಲ್ಲುತ್ತದೆ. ಆಮೇಲೆ, ಹೋಗಬೇಕೆಂದಿರುವ ಕಾಡುದಾರಿಯ ಅಗಲದ ಮಿತಿಯನ್ನು ಕೊಳ್ಳುವ ಮುಂಚೆಯೇ ವಿಚಾರಿಸಬೇಕು. 50 ಇಂಚಿನ ದಾರಿಗೆ 62 ಇಂಚಿನ ಗಾಡಿ ಒಯ್ದವರು ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಬೇಕಾಗುತ್ತದೆ.

ಹಳೆಯ ಮೂರು ಚಕ್ರದ ಗಾಡಿಯ ಪಾಠವೂ ಇಲ್ಲಿ ಬಳಕೆಗೆ ಬರುತ್ತದೆ. ಹಿಂದಿನ ಚಕ್ರಗಳೆರಡೂ ಬಿಗಿದುಕೊಂಡು ತಿರುಗಿದರೆ ಕೆಸರಿನಲ್ಲಿ ಹಿಡಿತ ಹೆಚ್ಚು, ಆದರೆ ತಿರುವಿನಲ್ಲಿ ಹುಲ್ಲು ಕಿತ್ತುಬರುತ್ತದೆ. ಮನೆಯ ಸುತ್ತ ಓಡಿಸುವವರು ಆ ಬಿಗಿತವನ್ನು ಸಡಿಲಿಸುವ ಗುಂಡಿ ಇದೆಯೇ ನೋಡಿಕೊಳ್ಳಬೇಕು. ರಬ್ಬರ್ ಬೆಲ್ಟಿನ ಗಾಡಿಯಲ್ಲಿ ಭಾರ ಎಳೆಯುವಾಗ, ಏರು ಹತ್ತುವಾಗ ಕೆಳಗಿನ ಗೇರಿನಲ್ಲೇ ಓಡಿಸಬೇಕು. ಮೇಲಿನ ಗೇರಿನಲ್ಲಿ ನಿಧಾನವಾಗಿ ಎಳೆದರೆ ಬೆಲ್ಟು ಜಾರಿ, ಕಾದು, ಸುಟ್ಟುಹೋಗುತ್ತದೆ. ಎತ್ತರಕ್ಕೆ ಪೇರಿಸಿದ ಸೌದೆ ಭಾರದ ಕೇಂದ್ರವನ್ನು ಮೇಲೇರಿಸುತ್ತದೆ ಎಂಬುದನ್ನಂತೂ ಮರೆಯುವಂತಿಲ್ಲ. ಖಾಲಿಯಿದ್ದಾಗ ಸುಲಭವಾಗಿ ದಾಟಿದ ಇಳಿಜಾರು ಹೇರಿಕೊಂಡಾಗ ಬೇರೆಯೇ ಆಗಿರುತ್ತದೆ.

ರಾಕ್ಸರ್ ಈ ಲೆಕ್ಕದಲ್ಲಿ ವಿಚಿತ್ರ ಪ್ರಾಣಿ. ತೂಕ 1,400 ಕಿಲೋ ಹತ್ತಿರ, ರೇಂಜರ್‌ನ ಒಂದೂಮುಕ್ಕಾಲು ಪಟ್ಟು. ರಬ್ಬರ್ ಬೆಲ್ಟಿನ ಬದಲು ಕೈಯಲ್ಲಿ ಹಾಕುವ ಗೇರು. ಕಾಡಿನಲ್ಲಿ ಹಾರಾಡುವ ಗಾಡಿಯಲ್ಲ, ಎಳೆಯುವ ಗಾಡಿ. 1945ರಲ್ಲಿ ವಿಲಿಸ್ ಕಂಪನಿ ಅಮೆರಿಕದ ರೈತರಿಗೆ ಕೊಟ್ಟಿದ್ದ ಮಾತನ್ನು ಉಳಿಸಿಕೊಂಡಿದ್ದು ಭಾರತದ ಶಾಖೆ. ಆದರೆ ತವರಿನಲ್ಲಿ ಸಿಕ್ಕಿದ ಸ್ವಾಗತ ಬೇರೆ. ಜೀಪ್ ಹೆಸರಿನ ಒಡೆತನವಿದ್ದ ಫಿಯಟ್ ಕ್ರೈಸ್ಲರ್ 2018ರ ಆಗಸ್ಟಿನಲ್ಲಿ ದೂರು ಕೊಟ್ಟಿತು. 2020ರ ಜೂನಿನಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ರಾಕ್ಸರ್ ಜೀಪಿನ ರೂಪವನ್ನು ಹೋಲುತ್ತದೆ, ಅದು ತಪ್ಪು ಎಂದಿತು. ಮಹೀಂದ್ರಾ ಮುಖ ಬದಲಿಸಿ ಹೊಸ ಮಾದರಿ ಮಾಡಿದ ಮೇಲೆ, ಅದೇ ವರ್ಷದ ಕೊನೆಗೆ, ಮಾರಲು ಒಪ್ಪಿಗೆ ಸಿಕ್ಕಿತು.

ರೂಪ ಯಾರದೆಂಬ ವ್ಯಾಜ್ಯವನ್ನು ವಕೀಲರು ಬಗೆಹರಿಸಿದರು. ಪಕ್ಕದ ಸೀಟಿನ ವಿಷಯವನ್ನು ಕೊಳ್ಳುವವರೇ ಬಗೆಹರಿಸಿಕೊಳ್ಳಬೇಕು. ಅದಕ್ಕೆ ಅಮೆರಿಕದ ತರಬೇತುದಾರರು ಹೇಳಿಕೊಡುವ ಒಂದು ಪರೀಕ್ಷೆಯಿದೆ, ಅಂಗಡಿಯಲ್ಲೇ ಮಾಡಬಹುದು. ಗಾಡಿಯಲ್ಲಿ ಹೆಚ್ಚಾಗಿ ಪಕ್ಕದಲ್ಲಿ ಕೂರುವವರನ್ನು, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಆಳನ್ನು, ಜತೆಗೆ ಕರೆದೊಯ್ಯಬೇಕು. ಬೆನ್ನು ಸೀಟಿಗೆ ಒರಗಿ ನೆಟ್ಟಗೆ ಕೂತಾಗ ಅವರ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಕೈ ಹಿಡಿಗೆ ಎಟಕಬೇಕು, ಬೆಲ್ಟು ಮೈಗೆ ಸರಿಯಾಗಿ ಕೂರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಗಾಡಿ ಅವರಿಗಲ್ಲ, ಅಥವಾ ಅವರು ಇನ್ನೂ ಒಂದೆರಡು ವರ್ಷ ಬೆಳೆಯಬೇಕು. ಅಶ್ವಶಕ್ತಿ ಎಷ್ಟೆಂದು ಕೇಳುವುದು ಆಮೇಲೆ.