ಸರಕು ಸಾಗಣೆ ವಾಹನಗಳ ಎಂಜಿನ್ ಬದಲಾವಣೆ ಹಾಗೂ ಎಂಜಿನ್ ನಿಯಂತ್ರಣ ಘಟಕದ ಮರುಹೊಂದಾಣಿಕೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸರಕು ಸಾಗಣೆ ವಾಹನದ ಎಂಜಿನ್ ದುರಸ್ತಿಗೆ ಮೀರಿ ಹಾಳಾದಾಗ ಮಾಲೀಕರು ಬೇರೊಂದು ಎಂಜಿನ್ ಅಳವಡಿಸಿಕೊಳ್ಳುವುದು ರೂಢಿಯಲ್ಲಿದೆ. ಯಾಂತ್ರಿಕ ಡೀಸೆಲ್ ಪಂಪ್ ಇರುವ ಹಳೆಯ ಲಾರಿಗಳಲ್ಲಿ ಈ ಕೆಲಸವು ಕಾರ್ಯಾಗಾರದಲ್ಲಿಯೇ ಮುಗಿಯುತ್ತಿತ್ತು. ಕಾಮನ್ ರೇಲ್ ಇಂಧನ ವ್ಯವಸ್ಥೆ ಇರುವ ಲಾರಿಗಳಲ್ಲಿ ಎಂಜಿನ್ನಿನೊಂದಿಗೆ ಅದರ ನಿಯಂತ್ರಣ ಘಟಕವನ್ನೂ ಹೊಂದಿಸಬೇಕಾಗುತ್ತದೆ. ವಾಡಿಕೆಯಲ್ಲಿ ಇದನ್ನು ಇ.ಸಿ.ಯು. ಅಥವಾ ಇ.ಸಿ.ಎಂ. ಎಂದು ಕರೆಯಲಾಗುತ್ತದೆ. ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮೋದನೆ ಅಗತ್ಯ; ಘಟಕದ ಹೊಂದಾಣಿಕೆಯು ತಯಾರಕರು ನಿಗದಿಪಡಿಸಿದ ಮಟ್ಟದಲ್ಲಿಯೇ ಇರತಕ್ಕದ್ದು. ಇವೆರಡರಲ್ಲಿ ಒಂದು ತಪ್ಪಿದರೂ ವಾಹನದ ಅರ್ಹತಾ ಪತ್ರ, ವಿಮೆ ಮತ್ತು ಮಾಲೀಕರ ಜೀವನೋಪಾಯಕ್ಕೆ ತೊಡಕುಂಟಾಗುವ ಸಂಭವವಿದೆ.

2. ನಿಯಂತ್ರಣ ಘಟಕದ ಕಾರ್ಯ

ಕ್ರ್ಯಾಂಕ್ ಶಾಫ್ಟ್ ಮತ್ತು ಕ್ಯಾಮ್ ಶಾಫ್ಟ್‌ಗಳ ಸ್ಥಾನ, ಇಂಧನ ರೇಲ್‌ನ ಒತ್ತಡ, ಟರ್ಬೋ ನೀಡುವ ಗಾಳಿಯ ಒತ್ತಡ, ಎಂಜಿನ್ನಿನ ಉಷ್ಣಾಂಶ ಮುಂತಾದವುಗಳನ್ನು ಸಂವೇದಕಗಳ ಮೂಲಕ ತಿಳಿದು, ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಅನ್ನು ಯಾವ ಕ್ಷಣದಲ್ಲಿ ಸಿಂಪಡಿಸಬೇಕೆಂಬುದನ್ನು ಈ ಘಟಕವು ನಿರ್ಧರಿಸುತ್ತದೆ. ಒಂದೇ ವಿನ್ಯಾಸದ ಎಂಜಿನ್ನನ್ನು ತಯಾರಕರು ಬೇರೆ ಬೇರೆ ಅಶ್ವಶಕ್ತಿಯಲ್ಲಿ ಮಾರಾಟ ಮಾಡುವುದುಂಟು. ಹೊರನೋಟಕ್ಕೆ ಒಂದೇ ತೆರನಾದ ಇಂತಹ ಎಂಜಿನ್‌ಗಳಲ್ಲಿ ಬಿಡಿಭಾಗಗಳ ಜೊತೆಗೆ ಘಟಕದೊಳಗಿನ ತಂತ್ರಾಂಶವೂ ಭಿನ್ನವಾಗಿರುತ್ತದೆ.

ಎಂಜಿನ್ ಬದಲಾದಾಗ ಸಾಮಾನ್ಯವಾಗಿ ಮಾಡಬೇಕಾದ ಹೊಂದಾಣಿಕೆಗಳು ಹೀಗಿವೆ:

ಅ) ಇಂಜೆಕ್ಟರ್‌ಗಳ ತಿದ್ದುಪಡಿ ಸಂಕೇತಗಳಿರುವ ಎಂಜಿನ್‌ಗಳಲ್ಲಿ, ಹೊಸದಾಗಿ ಬಂದ ಇಂಜೆಕ್ಟರ್‌ಗಳ ಸಂಕೇತಗಳನ್ನು ಸಿಲಿಂಡರಿನ ಕ್ರಮದಲ್ಲಿ ಘಟಕಕ್ಕೆ ದಾಖಲಿಸುವುದು. ಇದನ್ನು ಕೈಬಿಟ್ಟಲ್ಲಿ ಎಂಜಿನ್ ಅಸಮವಾಗಿ ಓಡಬಹುದು ಮತ್ತು ಹೊಗೆ ಹೆಚ್ಚಬಹುದು.

ಆ) ಎಂಜಿನ್ನಿನ ಮಾದರಿ ಹಾಗೂ ಶಕ್ತಿಗೆ ತಯಾರಕರು ನಿಗದಿಪಡಿಸಿದ ತಂತ್ರಾಂಶವನ್ನೇ ಅಳವಡಿಸುವುದು.

ಇ) ಬೇರೆ ವಾಹನದ ಘಟಕವನ್ನು ಬಳಸಿದ್ದಲ್ಲಿ, ಅದರಲ್ಲಿ ಉಳಿದಿರುವ ಹಳೆಯ ಚಾಸಿ ಸಂಖ್ಯೆಯನ್ನು ಹಾಗೂ ಕಳ್ಳತನ ತಡೆ ಬೀಗದ ಸಂಕೇತವನ್ನು ಅಧಿಕೃತ ಸೇವಾ ಕೇಂದ್ರದಲ್ಲಿ ಸರಿಪಡಿಸಿಕೊಳ್ಳುವುದು.

ಈ) ದಾಖಲಾಗಿರುವ ದೋಷ ಸಂಕೇತಗಳನ್ನು ಪರಿಶೀಲಿಸಿ, ದೋಷವನ್ನು ನಿವಾರಿಸಿದ ನಂತರವೇ ಅವುಗಳನ್ನು ಅಳಿಸುವುದು.

3. ಕಾನೂನಿನ ನಿಬಂಧನೆಗಳು

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಮಾನ್ಯ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ವಿದ್ಯುತ್ತಿಗೆ ಪರಿವರ್ತಿಸುವ ಅನುಮೋದಿತ ಕಿಟ್‌ಗಳಿಗೆ ಪ್ರತ್ಯೇಕ ಷರತ್ತುಗಳು ಅನ್ವಯಿಸುತ್ತವೆ.

ಹತ್ತಕ್ಕೆ ಕಡಿಮೆ ಇಲ್ಲದಷ್ಟು ಸಾರಿಗೆ ವಾಹನಗಳನ್ನು ಹೊಂದಿರುವ ಮಾಲೀಕರಿಗೆ, ಅದೇ ತಯಾರಿಕೆಯ ಮತ್ತು ಅದೇ ಬಗೆಯ ಎಂಜಿನ್ನನ್ನು ಅನುಮೋದನೆಯಿಲ್ಲದೆ ಬದಲಿಸಲು ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಅಧಿಕಾರ ನೀಡಬಹುದಾಗಿದೆ. ಒಂದೆರಡು ಲಾರಿಗಳನ್ನು ಹೊಂದಿರುವ ಮಾಲೀಕರಿಗೆ ಈ ವಿನಾಯಿತಿ ಲಭ್ಯವಿಲ್ಲ. ಬದಲಾವಣೆ ಮಾಡಿದ 14 ದಿನಗಳೊಳಗಾಗಿ ತಾವು ವಾಸಿಸುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪ್ರಮಾಣಪತ್ರ ಮತ್ತು ನಿಗದಿತ ಶುಲ್ಕವನ್ನು ಸಲ್ಲಿಸತಕ್ಕದ್ದು.

4. ಮಾಡಬಾರದ ಹೊಂದಾಣಿಕೆಗಳು

ಅ) ಹಿಂದಿನ ಮಾಲಿನ್ಯ ಮಾನದಂಡದ ಎಂಜಿನ್ನನ್ನು ನಂತರದ ಮಾನದಂಡದ ವಾಹನಕ್ಕೆ ಅಳವಡಿಸಬಾರದು. ಭಾರತ್ ಹಂತ 4 ಮಾನದಂಡವು ದೇಶದಾದ್ಯಂತ 2017ರ ಏಪ್ರಿಲ್ 1ರಿಂದಲೂ, ಭಾರತ್ ಹಂತ 6 ಮಾನದಂಡವು 2020ರ ಏಪ್ರಿಲ್ 1ರಿಂದಲೂ ಜಾರಿಗೆ ಬಂದಿವೆ.

ಆ) ಹೊಗೆಯ ಮರುಬಳಕೆ ಕವಾಟ, ಹೊಗೆ ಶೋಧಕ ಅಥವಾ ಯೂರಿಯಾ ದ್ರಾವಣ ವ್ಯವಸ್ಥೆಯನ್ನು ತಂತ್ರಾಂಶದ ಮೂಲಕ ನಿಷ್ಕ್ರಿಯಗೊಳಿಸಬಾರದು. ದ್ರಾವಣ ತುಂಬಿದೆಯೆಂದು ಘಟಕವನ್ನು ನಂಬಿಸುವ ಉಪಕರಣಗಳ ಬಳಕೆಯೂ ಸಲ್ಲದು.

ಇ) ವೇಗಮಿತಿಯನ್ನು ತೆಗೆಯಬಾರದು ಅಥವಾ ಹೆಚ್ಚಿಸಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 118ರ ಅನ್ವಯ ವೇಗ ನಿಯಂತ್ರಕದ ಗರಿಷ್ಠ ಮಿತಿಯು ಗಂಟೆಗೆ 80 ಕಿ.ಮೀ.; ಟ್ಯಾಂಕರ್, ಡಂಪರ್ ಹಾಗೂ ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ 60 ಕಿ.ಮೀ.

ಈ) ಎಳೆತದ ಶಕ್ತಿ ಹೆಚ್ಚಿಸುವ ಉದ್ದೇಶದಿಂದ ಇಂಧನದ ಪ್ರಮಾಣವನ್ನು ನಿಗದಿತ ಮಟ್ಟಕ್ಕಿಂತ ಏರಿಸಬಾರದು. ಇದರಿಂದ ಪಿಸ್ಟನ್, ಟರ್ಬೋ, ಕ್ಲಚ್ ಮತ್ತು ಗೇರ್ ಪೆಟ್ಟಿಗೆಗಳ ಮೇಲೆ ಅವು ತಾಳಲಾರದ ಒತ್ತಡ ಬೀಳುತ್ತದೆ.

5. ಅನುಸರಿಸಬೇಕಾದ ಕ್ರಮ

ಎಂಜಿನ್ ಖರೀದಿಸುವ ಮುನ್ನವೇ ಅದರ ಮಾದರಿ, ಅಶ್ವಶಕ್ತಿ ಮತ್ತು ಮಾಲಿನ್ಯ ಮಾನದಂಡವನ್ನು ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ, ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯುವುದು ಸೂಕ್ತ. ಅರ್ಜಿಯೊಂದಿಗೆ ಸಾಮಾನ್ಯವಾಗಿ ಈ ಕೆಳಕಂಡ ದಾಖಲೆಗಳನ್ನು ಹಾಜರುಪಡಿಸಬೇಕಾಗುತ್ತದೆ:

- ನೋಂದಣಿ ಪ್ರಮಾಣಪತ್ರ ಮತ್ತು ಅರ್ಹತಾ ಪತ್ರ
- ಚಾಲ್ತಿಯಲ್ಲಿರುವ ವಿಮಾ ಪತ್ರ, ರಹದಾರಿ ಹಾಗೂ ತೆರಿಗೆ ಪಾವತಿಯ ದಾಖಲೆ
- ಎಂಜಿನ್ ಸಂಖ್ಯೆ ನಮೂದಾಗಿರುವ ಖರೀದಿ ರಸೀದಿ. ಬಳಸಿದ ಎಂಜಿನ್ ಆಗಿದ್ದಲ್ಲಿ ಅದು ಯಾವ ವಾಹನದ್ದೆಂಬುದಕ್ಕೆ ಪುರಾವೆ
- ಚಾಸಿ ಸಂಖ್ಯೆ ಮತ್ತು ಹೊಸ ಎಂಜಿನ್ ಸಂಖ್ಯೆಯ ಪೆನ್ಸಿಲ್ ಅಚ್ಚು
- ಸಾಲವಿದ್ದಲ್ಲಿ ಹಣಕಾಸು ಸಂಸ್ಥೆಯ ಲಿಖಿತ ಒಪ್ಪಿಗೆ
- ಅಳವಡಿಸಿದ ತಂತ್ರಾಂಶದ ವಿವರವಿರುವ ಅಧಿಕೃತ ಸೇವಾ ಕೇಂದ್ರದ ಪತ್ರ
- ಬದಲಾವಣೆಯ ನಂತರ ಪಡೆದ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ

ಕೊನೆಯ ಎರಡು ದಾಖಲೆಗಳನ್ನು ಎಂಜಿನ್ ಅಳವಡಿಸಿದ ನಂತರ, ವಾಹನವನ್ನು ತಪಾಸಣೆಗೆ ಹಾಜರುಪಡಿಸುವಾಗ ಸಲ್ಲಿಸಬಹುದು. ಎಂಜಿನ್ ಬ್ಲಾಕ್ ಬದಲಾಗದೆ, ಹೆಡ್, ಪಿಸ್ಟನ್, ಲೈನರ್ ಮುಂತಾದ ಬಿಡಿಭಾಗಗಳನ್ನಷ್ಟೇ ಬದಲಿಸಿದಲ್ಲಿ ಎಂಜಿನ್ ಸಂಖ್ಯೆಯು ಹಾಗೆಯೇ ಉಳಿಯುತ್ತದೆ. ಬ್ಲಾಕ್ ಬದಲಾಗಿದ್ದಲ್ಲಿ, ಹಳೆಯ ಸಂಖ್ಯೆಯನ್ನು ಹೊಸ ಬ್ಲಾಕಿನ ಮೇಲೆ ಸ್ವತಃ ಕೊರೆಸತಕ್ಕದ್ದಲ್ಲ.

6. ತಪಾಸಣೆ

ಮೋಟಾರು ವಾಹನ ನಿರೀಕ್ಷಕರು ಎಂಜಿನ್ ಸಂಖ್ಯೆಯನ್ನು ದಾಖಲೆಗಳೊಂದಿಗೆ ಪರಿಶೀಲಿಸುತ್ತಾರೆ. ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆಯು ಭಾರತ್ ಹಂತ 4ಕ್ಕಿಂತ ಹಿಂದಿನ ವಾಹನಗಳಲ್ಲಿ 65 ಹಾರ್ಟ್‌ರಿಜ್ ಮಾನವನ್ನೂ, ಹಂತ 4ರ ವಾಹನಗಳಲ್ಲಿ 50 ಮಾನವನ್ನೂ ಮೀರುವಂತಿಲ್ಲ. ಫಲಕದಲ್ಲಿ ಎಂಜಿನ್ ದೋಷದ ದೀಪ ಉರಿಯುತ್ತಿದ್ದಲ್ಲಿ, ಅದನ್ನು ಸರಿಪಡಿಸಿದ ನಂತರವೇ ವಾಹನವನ್ನು ತಪಾಸಣೆಗೆ ತರುವುದು ಉತ್ತಮ.

7. ದಂಡನೆ ಮತ್ತು ವಿಮೆ

2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182ಎ(4)ರ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಇವೆರಡಕ್ಕೂ ಗುರಿಯಾಗಬಹುದು. ವಾಯುಮಾಲಿನ್ಯ ಮಾನದಂಡದ ಉಲ್ಲಂಘನೆಗೆ ಕಲಂ 190(2)ರ ಅಡಿಯಲ್ಲಿ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಕಾರಾವಾಸ ಅಥವಾ ರೂ. 10,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ವಿಮಾ ಪತ್ರದಲ್ಲಿಯೂ ಎಂಜಿನ್ ಸಂಖ್ಯೆ ನಮೂದಾಗಿರುತ್ತದೆ. ಅಪಘಾತ ಅಥವಾ ಬೆಂಕಿ ಅನಾಹುತದ ನಂತರ ಈ ಸಂಖ್ಯೆಗಳು ತಾಳೆಯಾಗದಿದ್ದಲ್ಲಿ ಪರಿಹಾರದ ಹಕ್ಕು ವಿವಾದಕ್ಕೊಳಗಾಗುವ ಸಂಭವವಿದೆ. ನೋಂದಣಿ ಪ್ರಮಾಣಪತ್ರದಲ್ಲಿ ಹೊಸ ಸಂಖ್ಯೆ ನಮೂದಾದ ಕೂಡಲೇ ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ವಿಮಾ ಪತ್ರದಲ್ಲಿ ತಿದ್ದುಪಡಿ ಪಡೆಯತಕ್ಕದ್ದು.

8. ವಿಶೇಷ ಸೂಚನೆ

ತಂತ್ರಾಂಶದ ಕೆಲಸ ಮಾಡಿಸುವಾಗ, ಕೆಲಸದ ಮೊದಲಿನ ಹಾಗೂ ನಂತರದ ವಿವರಗಳ ಮುದ್ರಿತ ಪ್ರತಿಯನ್ನು ಕಾರ್ಯಾಗಾರದಿಂದ ಕೇಳಿ ಪಡೆದುಕೊಳ್ಳಬೇಕು. ಎಂಜಿನ್ ರಸೀದಿಯೊಂದಿಗೆ ಈ ಪ್ರತಿಯನ್ನೂ ಕಾಯ್ದಿರಿಸಿಕೊಂಡಲ್ಲಿ, ಅರ್ಹತಾ ಪತ್ರದ ನವೀಕರಣ ಮತ್ತು ವಾಹನದ ಮಾರಾಟದ ವೇಳೆ ಅನುಕೂಲವಾಗುತ್ತದೆ. ಹೆಚ್ಚಿನ ವಿವರಗಳಿಗಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.