ಕಾಣದ ಕಂಬದ ಅಳತೆ: ‘ಗಣಿತಸಾರಸಂಗ್ರಹ’ದ ಭಿನ್ನರಾಶಿ ಸಮೀಕರಣ

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು ಕ್ರಿ.ಶ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಕೃತಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಕವಿಯು ಆರಂಭದಲ್ಲಿಯೇ ಸ್ತುತಿಸಿದ್ದಾನೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಗಣಿತದ ಇತಿಹಾಸಕಾರರ ವಸ್ತುವಾಗಿರುವ ಈ ಗ್ರಂಥದ ಪ್ರಕೀರ್ಣಕ ಪ್ರಕರಣವು ಜಾನಪದ ಅಧ್ಯಯನಕ್ಕೂ ಮಹತ್ವದ್ದಾಗಿದೆ.

ಅಲ್ಲಿಯ ಸಮಸ್ಯೆಯೊಂದರಲ್ಲಿ ಕಂಬದ 1/8 ಭಾಗ ನೆಲದಲ್ಲಿ, 1/3 ನೀರಿನಲ್ಲಿ, 1/4 ಪಾಚಿಯಲ್ಲಿ ಅಡಗಿದೆ. ಮೇಲೆ ಕಾಣುವುದು 7 ಹಸ್ತ. ಕಂಬದ ಉದ್ದವೆಷ್ಟು? ಛೇದಗಳಾದ 8, 3, 4ರ ಲಘುತಮ ಸಾಮಾನ್ಯ ಅಪವರ್ತ್ಯ 24. ಇಂಥ ಸಂಖ್ಯೆಯನ್ನು ಮಹಾವೀರನು ‘ನಿರುದ್ಧ’ವೆಂದು ಕರೆಯುತ್ತಾನೆ. ಅಡಗಿದ ಭಾಗಗಳ ಮೊತ್ತ 17/24. ಇದನ್ನು ಒಂದರಿಂದ ಕಳೆದು, ಉಳಿದ 7/24ರಿಂದ ಕಾಣುವ 7ನ್ನು ಭಾಗಿಸಿದರೆ ಉತ್ತರ 24 ಹಸ್ತ. ಅವ್ಯಕ್ತರಾಶಿಗೆ ಅಕ್ಷರವನ್ನಿಟ್ಟು ಛೇದಗಳನ್ನು ನಿವಾರಿಸುವ ಇಂದಿನ ಕ್ರಮದ ತಿರುಳೂ ಇದೇ.

ಕಂಡದ್ದರಿಂದ ಕಾಣದ್ದನ್ನು ಹೇಳಿಸುವುದು ಒಗಟಿನ ಲಕ್ಷಣ. ಆದರೆ ಒಗಟಿನ ಉತ್ತರವು ಸಾಮಾನ್ಯವಾಗಿ ರೂಪಕವನ್ನೂ ಸಮುದಾಯದ ಒಪ್ಪಿಗೆಯನ್ನೂ ಅವಲಂಬಿಸಿದರೆ, ಇಲ್ಲಿಯ ಉತ್ತರವನ್ನು ಕೇಳುಗನೇ ಪರೀಕ್ಷಿಸಬಲ್ಲ: 3, 8, 6, 7 ಕೂಡಿದರೆ 24. ಭಾಸ್ಕರಾಚಾರ್ಯನ ‘ಲೀಲಾವತಿ’ಯ (1150) ದುಂಬಿಗಳ ಲೆಕ್ಕವೂ ಇದೇ ಜಾತಿಯದು: ಹಿಂಡಿನ 1/5, 1/3 ಹಾಗೂ ಇವುಗಳ ವ್ಯತ್ಯಾಸದ ಮೂರು ಪಾಲು ಹೋಗಿ ಒಂದು ಉಳಿದರೆ, ಒಟ್ಟು ದುಂಬಿಗಳು 15.

ಛಂದಸ್ಸಿನಲ್ಲಿ ಕಂಠಪಾಠಕ್ಕೆ ಒದಗುವ ಈ ಲೆಕ್ಕಗಳನ್ನು ಶಾಸ್ತ್ರವೆಂದಷ್ಟೇ ಬದಿಗಿರಿಸಿದರೆ ಒಗಟಿನ ವರ್ಗೀಕರಣ ಅಪೂರ್ಣವಾಗುತ್ತದೆ; ಕಥನವೆಂದಷ್ಟೇ ಓದಿದರೆ ಅದರೊಳಗಿನ ತರ್ಕ ಕೈತಪ್ಪುತ್ತದೆ.